ಟೆರೇಸಿನ ಮೇಲಿನ ಎರಡು ಪೆಟ್ಟಿಗೆಗಳು

ನೆರೂಳಿನ ಏಳು ಮಾಳಿಗೆಯ ಕಟ್ಟಡವೊಂದರ ಟೆರೇಸಿಗೆ ಬೆಳಕು ಇನ್ನೂ ಪೂರ್ತಿ ಬಂದಿಲ್ಲ. ನೀರಿನ ಟಾಂಕಿಯ ಪಕ್ಕ ಚೆನ್ನಯ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬಾಯಲ್ಲಿ ಪುಟ್ಟ ಟಾರ್ಚು, ಕೈಯಲ್ಲಿ ಇಕ್ಕಳ. ಎದುರಿಗೆ ಬಾಗಿಲು ತೆರೆದ ತಗಡಿನ ಪೆಟ್ಟಿಗೆ, ಒಳಗೆ ಮಿಣುಕುವ ಹಸಿರು ದೀಪಗಳು. ಪಾರಿವಾಳದ ಪುಕ್ಕಗಳನ್ನು ಊದಿ ಹೊರಗೆ ಹಾಕುತ್ತಾರೆ. ವೈರುಗಳು ಕೂಡುವ ಕಡೆಗೆಲ್ಲ ಹಾಲಿನ ಖಾಲಿ ಪ್ಲಾಸ್ಟಿಕ್ ತೊಟ್ಟೆ ಸುತ್ತಿ ದಾರ ಬಿಗಿಯುತ್ತಾರೆ. ಜೂನ್ ಮೊದಲ ವಾರ, ಮಳೆ ಇವತ್ತೋ ನಾಳೆಯೋ ಎನ್ನುತ್ತಿದೆ.

ಕೆಲಸ ಮುಗಿದರೂ ಅವರು ಏಳುವುದಿಲ್ಲ. ಒಂದು ಮಾರು ಆಚೆ ಇನ್ನೊಂದು ಪೆಟ್ಟಿಗೆಯಿದೆ. ಬೂದು ಬಣ್ಣದ್ದು, ಹೊಸದು, ಮೇಲೆ ಕಂಪನಿಯ ಹೆಸರಿರುವಂಥದ್ದು. ಅದರ ಬಾಗಿಲಿನ ಕೊಂಡಿ ಸಡಿಲವಾಗಿದೆ. ಚೆನ್ನಯ ಜೇಬಿನಿಂದ ಒಂದು ತುಂಡು ತಂತಿ ತೆಗೆದು ಅದನ್ನೂ ಬಿಗಿಯುತ್ತಾರೆ.

"ಪ್ರೀತಿಯಿಂದ ಅಲ್ಲ, ಆಯ್ತಾ?" ಎನ್ನುತ್ತಾರೆ. "ಅದರ ಬಾಗಿಲು ಗಾಳಿಗೆ ಬಡ್ಕೊಂಡರೆ ನೀರು ನನ್ನ ಪೆಟ್ಟಿಗೆಗೆ ರಾಚ್ತದೆ. ಇಲ್ಲದಿದ್ರೆ ಅದನ್ನು ನಾನು ಕಣ್ಣೆತ್ತಿ ನೋಡುವವನಲ್ಲ." ಹಾಗೆ ಹೇಳುವಾಗಲೂ ಕಣ್ಣು ಅದರ ಮೇಲೆಯೇ ಇದೆ.

ಈ ಗಲ್ಲಿಯ ಮನೆಗಳಿಗೆ ಇಂಟರ್ನೆಟ್ ತಂದವರು ಚೆನ್ನಯ. ಕಾರ್ಕಳದ ಕಡೆಯವರು. ಹುಡುಗನಾಗಿದ್ದಾಗ ಡೊಂಬಿವಲಿಯ ಉಡುಪಿ ಹೋಟೆಲಿಗೆ ಲೋಟ ತೊಳೆಯಲು ಬಂದರು. ಹೋಟೆಲಿನ ಧಣಿಯ ತಮ್ಮ ಕೇಬಲ್ ಟೀವಿ ಶುರುಮಾಡಿದಾಗ ಡಿಶ್ ಹೊತ್ತು ಮಾಳಿಗೆ ಹತ್ತಿದರು. 2004ರ ಹೊತ್ತಿಗೆ ಆ ಕಿರಿ ಧಣಿಯೇ ನೆರೂಳಿನಲ್ಲಿ ಇಂಟರ್ನೆಟ್ ಕೊಡತೊಡಗಿದರು. ಅಂದಿನಿಂದ ಚೆನ್ನಯರದು ಒಂದೇ ದಿನಚರಿ. ಡೊಂಬಿವಲಿಯಿಂದ ಥಾಣೆಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡು, ಥಾಣೆಯಿಂದ ನೆರೂಳಿಗೆ ಸೀಟು ಸಿಕ್ಕಿದರೆ ಕೂತುಕೊಂಡು. ದಿನಕ್ಕೆ ಹತ್ತು ಹನ್ನೆರಡು ದೂರು, ಮಳೆಗಾಲದಲ್ಲಿ ಅದರ ಎರಡರಷ್ಟು. ಸಿಡಿಲಿಗೆ ಸುಟ್ಟದ್ದು, ಇಲಿ ಕಡಿದದ್ದು, ಗಣಪತಿ ಮಂಟಪದವರು ಅಡ್ಡ ಬಂತೆಂದು ಕತ್ತರಿಸಿದ್ದು.

ಅವರ ಎಲ್ಲ ವೈರುಗಳೂ ಈ ಟೆರೇಸಿನ ಪೆಟ್ಟಿಗೆಯಿಂದಲೇ ಹೊರಟು ಅಕ್ಕಪಕ್ಕದ ಕಟ್ಟಡಗಳಿಗೆ ಹೋಗುತ್ತವೆ. "ಈ ಟೆರೇಸು ಹೋದ್ರೆ ಗಲ್ಲಿಯೇ ಹೋಯ್ತು. ಗಲ್ಲಿ ಹೋದ್ರೆ ಮತ್ತೆ ಹೋಟೆಲೇ. ಈ ವಯಸ್ಸಿಗೆ ಯಾರು ಕೊಡ್ತಾರೆ ಹೋಟೆಲಲ್ಲಿ ಕೆಲಸ?" ಕಳೆದ ವರ್ಷ ಆ ಟೆರೇಸು ಕೈತಪ್ಪುವುದರಲ್ಲಿತ್ತು.

ಬೂದು ಪೆಟ್ಟಿಗೆಯ ಉಸ್ತುವಾರಿ ಹುಲಗಪ್ಪನವರದು. ಕೊಪ್ಪಳ ಸೀಮೆಯವರು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಸರಳು ಹೊತ್ತವರು, ಆಮೇಲೆ ಮಾಜಿವಾಡಾದ ಹೆದ್ದಾರಿ ಬದಿ ಕೇಬಲ್ಲಿಗೆ ಗುಂಡಿ ತೋಡಿದವರು. ತೋಡುತ್ತ ತೋಡುತ್ತ ಫೈಬರ್, ಅಂದರೆ ವೇಗದ ಇಂಟರ್ನೆಟ್ ಒಯ್ಯುವ ಗಾಜಿನೆಳೆ, ಜೋಡಿಸುವುದನ್ನು ಕಲಿತರು. 2014ರ ಬೇಸಿಗೆಯಲ್ಲಿ ಕಂಪನಿ ಅವರನ್ನು ನೆರೂಳಿಗೆ ಕಳಿಸಿತು. ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಅವರ ಮಷಿನ್ ಬರುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆಗಳ ತುದಿ ಅದರ ಪುಟ್ಟ ಪರದೆಯಲ್ಲಿ ಹಗ್ಗದಷ್ಟು ದಪ್ಪ ಕಾಣುತ್ತದೆ. ಒಂದು ಕಿಡಿ ಹಾರಿದರೆ ಎರಡು ಎಳೆ ಬೆಸೆದು ಒಂದು.

ಚೆನ್ನಯ ಆ ಮಷಿನ್ ಕಂಡ ದಿನ ಮನೆಯಲ್ಲಿ ಸರಿಯಾಗಿ ಉಣ್ಣಲಿಲ್ಲ ಎಂದು ಹೆಂಡತಿ ದಮಯಂತಿ ನೆನೆಯುತ್ತಾರೆ. "ಊಟಕ್ಕೆ ಕೂತ್ರೆ ಹುಲಗಪ್ಪ, ಮಲಗಿದ್ರೆ ಹುಲಗಪ್ಪ. ಅವನ ಜಾಕೆಟ್ಟು, ಅವನ ಕುತ್ತಿಗೆಯ ಕಾರ್ಡು. 'ಅಷ್ಟು ನೆನಪಾಗುವವರನ್ನು ಒಮ್ಮೆ ಊಟಕ್ಕೇ ಕರೀರಿ' ಅಂದೆ." ಇಲ್ಲೇ ಹುಟ್ಟಿದ ಮಗಳು ಪ್ರೇಕ್ಷಾಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತವೆ, ಉತ್ತರ ಮಾತ್ರ ಹಿಂದಿಯಲ್ಲಿ. ನಮ್ಮ ಮನೆಗೆ ಫೈಬರ್ ಯಾವಾಗ ಎಂದು ಅವಳು ಆ ರಾತ್ರಿಯೇ ಕೇಳಿದಳಂತೆ: "ಪಪ್ಪಾ, ಅಪ್ನೇ ಘರ್ ಮೇ ಫೈಬರ್ ಕಬ್ ಆಯೇಗಾ?"

ಕಟ್ಟಡದ ನೆಲ ಅಂತಸ್ತಿನಲ್ಲಿ, ಫ್ಲಾಟಿನವರ ಸಂಘವಾದ ಸೊಸೈಟಿಯ ಆಫೀಸಿನಲ್ಲಿ, ಪ್ರತಿ ವಾರ 'ಭಾನುವಾರದ ಬೈಠಕ್' ಸೇರುತ್ತದೆ. ಬೆಂಗಳೂರು, ಮೈಸೂರಿನಿಂದ ಬಂದು ಇಲ್ಲಿ ನೌಕರಿಯಲ್ಲಿರುವ ಏಳೆಂಟು ಮಂದಿ. ಐಟಿ ಕಂಪನಿಯ ಸುಪ್ರೀತ್ ಮತ್ತು ಬ್ಯಾಂಕಿನಲ್ಲಿರುವ ಸಂಯುಕ್ತಾ ಅದರ ಎರಡು ಗಂಟಲುಗಳು. ಇಂಟರ್ನೆಟ್ ಯಾರ ಸೊತ್ತು, ಸಿನಿಮಾ ಇಳಿಸಿಕೊಳ್ಳುವುದು ಕಳ್ಳತನವೇ, ರಾಕೆಟ್ಟಿಗೆ ಖರ್ಚು ಮಾಡಬೇಕೇ ಎಂದು ಚಹಾ ಆರುವವರೆಗೆ ಜಗಳ. ರೌಟರ್ ಕೈಕೊಟ್ಟರೆ ಚೆನ್ನಯ ಬರುತ್ತಿದ್ದರು. ಮೂಲೆಯಲ್ಲಿ ನಿಂತು ಸರಿಮಾಡುತ್ತ ಜಗಳ ಕೇಳುತ್ತಿದ್ದರು. ಹತ್ತು ವರ್ಷದಲ್ಲಿ ಯಾರೂ ಅವರನ್ನು ಕೂರಲು ಹೇಳಿರಲಿಲ್ಲ. ಅವರಿಗೂ ಕೂರಬೇಕೆಂದು ಅನ್ನಿಸಿರಲಿಲ್ಲ.

ಹುಲಗಪ್ಪ ಬಂದ ಮೇಲೆ ಅನ್ನಿಸತೊಡಗಿತು. ಒಂದು ಸಂಜೆ ರಸ್ತೆಬದಿ ಹುಲಗಪ್ಪ ಎಳೆ ಜೋಡಿಸುವುದನ್ನು ನೋಡಲು ಬೈಠಕ್ಕಿನವರೆಲ್ಲ ಸುತ್ತ ನಿಂತರು. ಬೆಳಕು ಸಾಲಲಿಲ್ಲ. ಆ ದಾರಿಯಲ್ಲಿ ಬಂದ ಚೆನ್ನಯರ ಕೈಗೆ ಯಾರೋ ಟಾರ್ಚು ಕೊಟ್ಟರು. ಸಂಯುಕ್ತಾ ಫೋಟೋ ತೆಗೆದು ತಮ್ಮ ಬ್ಲಾಗಿಗೆ ಹಾಕಿದರು. ಅದನ್ನು ಯಾವುದೋ ವೆಬ್‌ಸೈಟಿನವರು ಕೇಳದೆ ಎತ್ತಿಕೊಂಡರು. ಮುಂದಿನ ಭಾನುವಾರ ಪೂರ್ತಿ ಅದೇ ಚರ್ಚೆ.

"ಫೋಟೋ ನಂದು ಸುಪ್ರೀತ್. ಹೆಸರಾದ್ರೂ ಹಾಕ್ಬೇಕಿತ್ತು."

"ನಿಮ್ದು ಸರಿ. ಆದ್ರೆ ಮುಖ ಹುಲಗಪ್ಪ ಅವರದ್ದಲ್ವಾ? ಅವರನ್ನ ನೀವು ಕೇಳಿದ್ರಾ?"

ಹಕ್ಕು ಫೋಟೋ ತೆಗೆದವರದೋ, ಅದರಲ್ಲಿರುವವರದೋ ಎಂದು ಮಧ್ಯಾಹ್ನವಾಯಿತು. ರೌಟರಿನ ಬಳಿ ನಿಂತಿದ್ದ ಚೆನ್ನಯರ ಲೆಕ್ಕ ಬೇರೆಯೇ ಇತ್ತು. "ಫೋಟೋ ಸಂಯುಕ್ತಕ್ಕನದ್ದು, ಮುಖ ಹುಲಗಪ್ಪನದ್ದು. ಟಾರ್ಚು ಹಿಡಿದ ಕೈ ಮಾತ್ರ ನನ್ನದು. ಮಣಿಕಟ್ಟಿನ ತನಕ ಉಂಟು, ಆಮೇಲೆ ಇಲ್ಲ. ಕೈಗೆ ಕಾಪಿರೈಟ್ ಇಲ್ಲವಂತೆ."

ಅಷ್ಟರಲ್ಲಿ ಸೊಸೈಟಿಯವರು ಒಂದು ಮಾತು ತೆಗೆದಿದ್ದರು: ಜೋತಾಡುವ ವೈರುಗಳಿಂದ ಕಟ್ಟಡದ ಅಂದ ಕೆಟ್ಟಿದೆ, ಬರಲಿರುವ ಫೈಬರ್ ಒಂದೇ ಇರಲಿ, ಹಳೆಯ ಪೆಟ್ಟಿಗೆ ತೆಗೆಸೋಣ. ದಸರೆಯ ನಂತರದ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಅದಕ್ಕೆ ಮೊದಲು ಬಂದದ್ದು ಸೆಪ್ಟೆಂಬರ್ 24ರ ಬೆಳಗ್ಗೆ. ಮಂಗಳಯಾನ ಮಂಗಳನನ್ನು ಸುತ್ತಲು ಅಣಿಯಾಗುವ ಬೆಳಗ್ಗೆ.

ಬೈಠಕ್ಕಿನವರು ಆಫೀಸಿಗೆ ಹೋಗುವ ಮೊದಲು ಸೇರಿದ್ದರು. ನೇರ ಪ್ರಸಾರವನ್ನು ಇಂಟರ್ನೆಟ್ಟಿನಿಂದ ಹಿಡಿದು ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟಿದ್ದರು. ಫೈಬರ್ ಇನ್ನೂ ಕಟ್ಟಡದೊಳಗೆ ಬಂದಿರಲಿಲ್ಲವಾದ್ದರಿಂದ ಲೈನು ಚೆನ್ನಯರದೇ. ಆದರೆ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚಹಾ ಹಿಡಿದು ಕೂತವರು ಹುಲಗಪ್ಪ. ಸಂಯುಕ್ತಾ ಕರೆದಿದ್ದರು. ಚೆನ್ನಯ ಒಳಗೆ ಕಾಲಿಟ್ಟಾಗ ಸುಪ್ರೀತ್ ಅಂದರಂತೆ: "ಚೆನ್ನಯಣ್ಣ, ನೀವು ರೌಟರ್ ಹತ್ರಾನೇ ಇರಿ. ಇವತ್ತು ಒಂದು ನಿಮಿಷನೂ ಹೋಗ್ಬಾರ್ದು."

ಏಳು ಗಂಟೆ ದಾಟಿತು. ಆಗ ಸಂಯುಕ್ತಾ ಮೆಲ್ಲಗೆ ಅಂದರು, "ಸಿಗ್ನಲ್ ಹೋಯ್ತು."

ಅದು ಎಲ್ಲರಿಗೂ ಮೊದಲೇ ತಿಳಿದಿದ್ದ ಸಂಗತಿ. ನೌಕೆ ಮಂಗಳನ ಹಿಂಬದಿಗೆ ಸರಿದಿತ್ತು, ಈಚೆ ಬರುವ ತನಕ ಅದರಿಂದ ಸುದ್ದಿಯಿಲ್ಲ. ತಿಳಿಯದಿದ್ದವರು ಚೆನ್ನಯ ಒಬ್ಬರೇ. ಅವರು ಗೋಡೆ ನೋಡಿದರು. ವಿಜ್ಞಾನಿಗಳು ಮಿಸುಕಾಡದೆ ಕೂತಿದ್ದರು. ಲೈನು ಕೆಟ್ಟಾಗ ಚಿತ್ರ ನಿಂತುಬಿಡುವುದೂ ಹೀಗೆಯೇ.

"ಯಾವ ಸಿಗ್ನಲ್ ಅಂತ ಕೇಳಬಹುದಿತ್ತು. ಒಂದು ಮಾತು. ಆದರೆ ಹುಲಗಪ್ಪ ತಿರುಗಿ ನನ್ನನ್ನೇ ನೋಡಿದ. ಅವನ ಎದುರು ಕೇಳುವುದಾ? ನನ್ನ ನಾಲಿಗೆ ಏಳಲಿಲ್ಲ, ಕಾಲು ಎದ್ದಿತು." ಇದು ಅವನ ಕಡೆಯವರದೇ ಕೈವಾಡ, ಫೈಬರ್ ಎಳೆಯುವಾಗ ತನ್ನ ವೈರು ಜಗ್ಗಿದ್ದಾರೆ ಎಂಬ ಅನುಮಾನವೂ ಜೊತೆಗೆ ಎದ್ದಿತು.

ಏಳು ಮಾಳಿಗೆ ಹತ್ತಿ ಒಂದೊಂದೇ ವೈರು ಎಳೆದು ನೋಡಿದರು. ಪಕ್ಕದ ಕಟ್ಟಡದ ಟೆರೇಸಿಗೂ ಹೋಗಿ ಬಂದರು. ಎಲ್ಲೂ ಊನವಿಲ್ಲ. ಅರ್ಧ ಗಂಟೆ ಹೀಗೇ ಕಳೆಯಿತು. ಏನೂ ಸಿಗದಾಗ ಈ ಕಸುಬಿನವರೆಲ್ಲ ಮಾಡುವ ಕೊನೆಯ ಉಪಾಯವೊಂದಿದೆ. ಅದನ್ನೇ ಮಾಡಿದರು. ಪೆಟ್ಟಿಗೆಯ ಸ್ವಿಚ್ ಆರಿಸಿದರು, ಸ್ವಲ್ಪ ಹೊತ್ತು ಬಿಟ್ಟು ಹಾಕಿದರು.

ಆ ಹೊತ್ತಿಗೆ ಕೆಳಗಿನ ನೇರ ಪ್ರಸಾರದಲ್ಲಿ ವಿಜ್ಞಾನಿಗಳು ಕುರ್ಚಿಯಿಂದ ಏಳತೊಡಗಿದ್ದರು. ಒಬ್ಬರ ಕೈ ಚಪ್ಪಾಳೆಗೆ ಎದ್ದಿತ್ತು. ಲೈನು ಕಡಿದು ಗೋಡೆಯ ಮೇಲೆ ಚಿತ್ರದ ಬದಲು ಉಂಗುರವೊಂದು ಗಿರಗಿರನೆ ಸುತ್ತತೊಡಗಿತು. ಬೈಠಕ್ಕಿನವರೆಲ್ಲ ಎದುರಿನ ಫ್ಲಾಟಿಗೆ ಓಡಿದರು. ಅಲ್ಲಿನ ಜಾನಕಮ್ಮ ಬೀನ್ಸ್ ಹೆಚ್ಚುತ್ತ ದೂರದರ್ಶನದಲ್ಲಿ ಎಲ್ಲವನ್ನೂ ನೋಡಿ ಮುಗಿಸಿದ್ದರು. "ಆಗ್ಲೇ ಆಯ್ತಲ್ಲ, ಸುತ್ತಕ್ಕೆ ಶುರು ಮಾಡ್ತು. ಬನ್ನಿ, ಚಪ್ಪಲಿ ಹೊರಗಡೆ ಬಿಡಿ" ಅಂದರು.

ಹುಲಗಪ್ಪ ಓಡಲಿಲ್ಲ. ಮೇಲೆ ಹತ್ತಿದರು.

"ಅಣ್ಣಾರ, ಸ್ವಿಚ್ ನೀವ ಬಂದ್ ಮಾಡಿದ್ರೇನ್ರೀ?"

"ಸಿಗ್ನಲ್ ಹೋಗಿತ್ತಲ್ಲ ಮಾರಾಯ."

"ಹೋಗಿದ್ದು ನಿಮ್ದಲ್ರೀ. ಮ್ಯಾಲಿನವರ್ದು. ಮಂಗಳನ ಹಿಂದ ಹೋಗಿತ್ತು."

ಹುಲಗಪ್ಪ ನಗಲಿಲ್ಲ. ಅದೇ ಚೆನ್ನಯರನ್ನು ಹೆಚ್ಚು ಚುಚ್ಚಿತು. "ನಕ್ಕಿದ್ರೆ ಬೈಬಹುದಿತ್ತು. ಅವ ಕೆಳಗೆ ಹೋಗಿ, 'ಟೆರೇಸಿನ್ಯಾಗ ಕರೆಂಟ್ ಟ್ರಿಪ್ ಆಗಿತ್ರೀ, ಅಣ್ಣಾರು ಸರಿ ಮಾಡ್ಯಾರ' ಅಂತ ಹೇಳಿದ. ಮಷಿನ್ ಅವನದ್ದು, ಕುರ್ಚಿ ಅವನದ್ದು, ಈಗ ಒಳ್ಳೆತನವೂ ಅವನದ್ದೇ. ನನಗೆ ಎಂತ ಉಳೀತು?"

ಆ ಒಳ್ಳೆತನವೇ ಮುಳುವಾಯಿತು. ದಸರೆಯ ನಂತರದ ಸಭೆಯಲ್ಲಿ ಸೊಸೈಟಿಯ ಸೆಕ್ರೆಟರಿ ಎದ್ದು ನಿಂತರು. ಆ ಪೆಟ್ಟಿಗೆಯಿಂದ ಕರೆಂಟ್ ಟ್ರಿಪ್ ಆಗುತ್ತದೆ, ಪಕ್ಕದಲ್ಲೇ ನೀರಿನ ಟಾಂಕಿಯಿದೆ, ನಾಳೆ ಯಾರಿಗಾದರೂ ಶಾಕ್ ಹೊಡೆದರೆ ಹೊಣೆ ಯಾರು? ಈ ವಾರವೇ ತೆಗೆಸಬೇಕು. ಬೈಠಕ್ಕಿನವರೂ ತಲೆಯಾಡಿಸಿದರು. ಕಂಪನಿಯ ಪರವಾಗಿ ಬಂದಿದ್ದ ಹುಲಗಪ್ಪ ನೆಲ ನೋಡುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಚೆನ್ನಯರಿಗೆ ಎರಡೇ ದಾರಿ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಟೆರೇಸು ಹೋಗುತ್ತದೆ. ಬಾಯಿ ಬಿಟ್ಟರೆ ಟೆರೇಸು ಉಳಿದೀತು, ಆದರೆ ಹುಲಗಪ್ಪನ ಎದುರಿಗೇ ಬಿಡಬೇಕು.

"ಪೆಟ್ಟಿಗೆ ಟ್ರಿಪ್ ಆಗಿಲ್ಲ" ಅಂದರು. "ನಾನೇ ಬಂದ್ ಮಾಡಿದ್ದು. ಸಿಗ್ನಲ್ ಹೋಯ್ತು ಅಂತ ಸಂಯುಕ್ತಕ್ಕ ಹೇಳಿದ್ರು. ಅದು ಮಂಗಳನ ಹಿಂದೆ ಹೋದದ್ದು ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಲೈನು ಅಂತ ಗ್ರಹಿಸಿದೆ."

ಮೊದಲು ನಕ್ಕವರು ಜಾನಕಮ್ಮ. ಆಮೇಲೆ ಇಡೀ ಸಭೆ. ಹುಲಗಪ್ಪನವರೂ ನಕ್ಕರು, ಕಣ್ಣೊರೆಸಿಕೊಳ್ಳುವಷ್ಟು. ನಗು ನಿಂತ ಮೇಲೆ ಸುಪ್ರೀತ್, "ಪೆಟ್ಟಿಗೇಲಿ ದೋಷ ಇಲ್ಲ ಅಂದ್ಮೇಲೆ ಯಾಕೆ ತೆಗೆಸ್ಬೇಕು? ಅದು ತೆಗೆದ್ರೆ ಪಕ್ಕದ ಬಿಲ್ಡಿಂಗ್‌ನೋರಿಗೆಲ್ಲ ನೆಟ್ ಹೋಗುತ್ತೆ" ಎಂದರು. ಹುಲಗಪ್ಪ ದನಿಗೂಡಿಸಿದರು: "ಇರ್ಲಿ ಬಿಡ್ರೀ. ನಮ್ಮ ಲೈನಿಗೆ ಅದರಿಂದ ತ್ರಾಸಿಲ್ಲ." ಕಟ್ಟಡ ಫೈಬರಿಗೆ ಹೋಯಿತು. ಪೆಟ್ಟಿಗೆ ಟೆರೇಸಿನಲ್ಲಿ ಉಳಿಯಿತು.

ಅಂದು ಸುಳ್ಳು ಹೇಳಿದ್ದೇಕೆ ಎಂಬುದಕ್ಕೆ ಹುಲಗಪ್ಪನವರ ಉತ್ತರ ಚೆನ್ನಯ ಊಹಿಸದ್ದು. "ಖರೇ ಹೇಳ್ಬೇಕಂದ್ರ ನನಗ ಅವರ ಮ್ಯಾಲ ಹೊಟ್ಟಿಕಿಚ್ಚು ಐತ್ರೀ. ಅವರು ಬಂದ್ರ 'ಚೆನ್ನಯಣ್ಣ, ಚಾ ಕುಡೀತೀರೇನು' ಅಂತಾರ. ಅಡಗಿಮನಿ ತನಕ ಹೋಗ್ತಾರ. ನನಗ ಗೇಟಿನ್ಯಾಗ ಕಾರ್ಡ್ ತೋರ್ಸು ಅಂತಾರ. ಕುರ್ಚಿ ಕೊಟ್ಟಿದ್ದು ಒಂದಽ ದಿನ. ಆ ದಿನ ಅವರ ತಪ್ಪು ಎತ್ತಿ ಆಡಿದ್ರ ಹೊಟ್ಟಿಕಿಚ್ಚಿಗೆ ಆಡಿದಂಗ ಆಗ್ತಿತ್ರೀ." ಇದನ್ನು ಚೆನ್ನಯರಿಗೆ ತಿಳಿಸಿದಾಗ ಅವರು ಬಹಳ ಹೊತ್ತು ಇಕ್ಕಳದ ಬಾಯಿ ತೆರೆದು ಮುಚ್ಚುತ್ತಿದ್ದರು. "ಹಾಗೆ ಹೇಳಿದನಾ?" ಎಂದು ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು.

ಈ ಏಪ್ರಿಲ್‌ನಲ್ಲಿ ಇಂಟರ್ನೆಟ್ ಎಲ್ಲರಿಗೂ ಸಮನಾಗಿರಬೇಕೆಂದು ದೇಶವಿಡೀ ಸರ್ಕಾರದ ಪ್ರಾಧಿಕಾರಕ್ಕೆ ಮಿಂಚಂಚೆ ಬರೆದಾಗ ಬೈಠಕ್ಕಿನವರೂ ಬರೆದರು. ಅದೇ ಭಾನುವಾರ ರಸ್ತೆ ಅಗೆಯುವವರು ಫೈಬರ್ ತುಂಡು ಮಾಡಿದ್ದರಿಂದ ಪತ್ರಗಳೆಲ್ಲ ಹೋದದ್ದು ಹಳೆಯ ಪೆಟ್ಟಿಗೆಯ ದಾರಿಯಲ್ಲಿ. "ದಾರಿಯಲ್ಲಿ ಮೇಲು ಕೀಳು ಇರಬಾರದು ಅಂತ ಬರೆದ್ರು. ಕಳಿಸಿದ್ದು ಸ್ಟೆಪ್ನಿಯಲ್ಲಿ" ಎಂದು ಚೆನ್ನಯ ಹಲ್ಲು ಬಿಡುತ್ತಾರೆ. ಆ ದಿನ ಗುಂಡಿಯಲ್ಲಿ ಕೂತು ಎಳೆ ಜೋಡಿಸುತ್ತಿದ್ದ ಹುಲಗಪ್ಪನವರಿಗೆ ಟಾರ್ಚು ಹಿಡಿದವರು ಯಾರೆಂದು ಕೇಳಿದರೆ ಮಾತು ತಿರುಗಿಸುತ್ತಾರೆ.

ಬಿಸಿಲು ಟಾಂಕಿಯ ಮೇಲೇರಿದೆ. ಪಕ್ಕದ ಕಟ್ಟಡದಿಂದ ಒಂದು ಮಗುವಿನ ಕೂಗು: "ಚೆನ್ನಯ ಅಂಕಲ್, ನೆಟ್ ಬಂದ್ ಹೈ. ಮಂಗಳ್ ಕೇ ಪೀಛೇ ಗಯಾ ಕ್ಯಾ?" ನೆಟ್ ಮಂಗಳನ ಹಿಂದೆ ಹೋಯಿತೇ ಎಂದು ಕೇಳುವುದೇ ಈಗ ಗಲ್ಲಿಯಲ್ಲೆಲ್ಲ ದೂರು ಹೇಳುವ ಬಗೆ. ಚೆನ್ನಯ ಬೈಯುವುದಿಲ್ಲ. ಇಕ್ಕಳ ಚೀಲಕ್ಕೆ ಹಾಕಿ ಏಳುತ್ತಾರೆ.

ಆಸೆಯೇನಾದರೂ ಉಂಟೇ ಎಂಬುದು ಅವರಿಗೆ ಕೊನೆಯ ಪ್ರಶ್ನೆ. ಮೆಟ್ಟಿಲ ಬಳಿ ನಿಂತು ಯೋಚಿಸುತ್ತಾರೆ. ಆ ಮಷಿನ್ ಬೇಡವಂತೆ, ಕಲಿಯಲು ಕಣ್ಣು ಸಾಲದು. ಜಾಕೆಟ್ಟೂ ಬೇಡ, ಸೆಕೆ.

"ಮುಂದಿನ ಸಲ ಎಂತಾದ್ರೂ ಮೇಲೆ ಹಾರಿಸುವಾಗ ನಾನು ಮುಂದಿನ ಕುರ್ಚಿಯಲ್ಲಿ ಚಾ ಹಿಡ್ಕೊಂಡು ಕೂತಿರಬೇಕು. ಹುಲಗಪ್ಪ ಇಲ್ಲಿ ಟೆರೇಸಿನಲ್ಲಿ ಇರಬೇಕು. 'ಸಿಗ್ನಲ್ ಹೋಯ್ತು' ಅಂತ ಯಾರಾದ್ರೂ ಹೇಳಿದ ಕೂಡಲೇ ನಾನೇ ಅವನಿಗೆ ಫೋನ್ ಮಾಡ್ತೇನೆ: ಎಂತದೂ ಮುಟ್ಟಬೇಡ ಮಾರಾಯ, ಅದು ನಮ್ಮದಲ್ಲ."