ನನ್ನ ಕಾಲು, ಅಮ್ಮನ ಹರಕೆ

ನಿನ್ನೆ ಸಂಜೆ ಮಣ್ಣಗುಡ್ಡದ ಬೇಕರಿಯಲ್ಲಿ ನಿಂತಿದ್ದೆ. ಆಗಷ್ಟೇ ಒಲೆಯಿಂದ ತೆಗೆದ ಬ್ರೆಡ್ಡಿನ ವಾಸನೆ ಬಂತು. ಆ ವಾಸನೆಗೆ ಬೇರೆಯವರಿಗೆ ಹಸಿವಾಗುತ್ತದಂತೆ, ನನಗೆ ಎಡಗಾಲು ಜುಮ್ಮೆನ್ನುತ್ತದೆ. ಅದಕ್ಕೆ ಕಾರಣವಿದೆ. ನಮ್ಮಲ್ಲಿ ಹಾಸಿಗೆ ಹಿಡಿದವರನ್ನು ನೋಡಲು ಬರಿಗೈಯಲ್ಲಿ ಹೋಗುವ ಕ್ರಮವಿಲ್ಲ. ಬ್ರೆಡ್ಡು ಬೇಕು, ಜತೆಗೆ ಒಂದಿಷ್ಟು ಸೇಬು ಬೇಕು. ಹೋದ ವರ್ಷ ನಾನು ಕಾಲು ಮುರಿದುಕೊಂಡು ಮಲಗಿದ್ದಾಗ ಮನೆಗೆ ಬಂದ ಬ್ರೆಡ್ಡನ್ನು ಒಂದರ ಮೇಲೊಂದು ಇಟ್ಟಿದ್ದರೆ ನಮ್ಮ ಕಾಂಪೌಂಡು ಗೋಡೆ ಇನ್ನಷ್ಟು ಎತ್ತರವಾಗುತ್ತಿತ್ತು. ಈಗ ನಮ್ಮ ಓಣಿಯ ಕೊನೆಯ ಮನೆಯ ಸುಮತಿಯಕ್ಕ ಬಿದ್ದಿದ್ದಾರೆ. ನನಗೆ ಕೊಟ್ಟದ್ದನ್ನು ಹಿಂದಿರುಗಿಸುವ ಸರದಿ ನನ್ನದು. ದೊಡ್ಡ ಬ್ರೆಡ್ಡನ್ನೇ ಕೊಡಿ ಎಂದು ಹೇಳಿದೆ.

ನಾನು ಬಿದ್ದದ್ದು ಹೇಗೆ ಎಂದು ನೀವೂ ಕೇಳುವವರೇ, ಗೊತ್ತು. ನೋಡಲು ಬಂದವರೆಲ್ಲ ಕೇಳುತ್ತಿದ್ದರು. ಸ್ಕೂಟರಿಗೆ ಲಾರಿ ಗುದ್ದಿತೆಂದೋ, ಕೊನೆಪಕ್ಷ ಹಂಪನಕಟ್ಟೆಯಲ್ಲಿ ನಾನು ಇಳಿಯುವ ಮೊದಲೇ ಸಿಟಿ ಬಸ್ಸಿನವನು ಬಸ್ಸು ಬಿಟ್ಟನೆಂದೋ ಕೇಳುವ ಆಸೆ ಅವರದು. ಮನೆಯ ಮೆಟ್ಟಿಲಿನಲ್ಲಿ ಜಾರಿದೆ ಎಂದರೆ ಪಾಪ, ಅವರ ಮುಖ ಬಾಡುತ್ತಿತ್ತು. ಆದರೆ ಆ ಮೆಟ್ಟಿಲಿಗೂ ಒಂದು ಹಿನ್ನೆಲೆಯಿದೆ, ಸ್ವಲ್ಪ ತಾಳ್ಮೆಯಿಂದ ಕೇಳಿ.

ನನ್ನ ಅಮ್ಮ ಬೊಕ್ಕಪಟ್ಣದ ಮೀನುಗಾರರ ಮನೆಯ ಮಗಳು. ಅಪ್ಪ ತೀರಿಕೊಂಡ ಮೇಲೆ ನನ್ನ ಜತೆ ಇದ್ದಾಳೆ ಎಂದು ನಾನು ಹೇಳುತ್ತೇನೆ. ನಾವು ಅವಳ ಜತೆ ಇದ್ದೇವೆ ಎಂದು ಅವಳು ಹೇಳುತ್ತಾಳೆ. ಮೀನಿಲ್ಲದ ಊಟ ಅವಳಿಗೆ ಊಟವಲ್ಲ, ಔಷಧಿ ತೆಗೆದುಕೊಳ್ಳುವ ಮೊದಲು ಹೊಟ್ಟೆಗೆ ಹಾಕುವ ಆಧಾರ. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಕಡಲಿಗಿಳಿಯುವ ಹಾಗಿಲ್ಲವಲ್ಲ, ಆಗ ಬರುವ ಐಸಿನ ಮೀನನ್ನು ಅವಳು ಹೆಣ ನೋಡುವಂತೆ ನೋಡಿ ನಿಟ್ಟುಸಿರು ಬಿಡುತ್ತಾಳೆ. ಹಾಗಿರುವಾಗ ಆ ರಜೆ ಮುಗಿದು ಬೋಟುಗಳು ಹೋಗಿ ಬಂದ ಹೊಸದರಲ್ಲಿ, ಒಂದು ಬೆಳಿಗ್ಗೆ, ಗೇಟಿನಾಚೆ ಮೀನು ಮಾರುವ ಸರೋಜಕ್ಕ ಮೀನು ಬೇಕೇ ಎಂದು ತುಳುವಿನಲ್ಲಿ ಕೂಗುವುದು ಕೇಳಿತು. "ಮೀನ್ ಬೋಡಾ? ಬಂಗುಡೆ, ಬಂಗುಡೆ!"

ಅಡುಗೆಮನೆಯಿಂದ ಅಮ್ಮ ಬೊಬ್ಬೆ ಹಾಕಿದಳು. "ಓಡು ಮಾರಾಯ್ತಿ, ಓಡು! ಎದುರಿನ ಮನೆಯವರು ಒಳ್ಳೆದೆಲ್ಲ ಹೆಕ್ತಾರೆ!"

ಐವತ್ತು ದಾಟಿದ ನಾನು ಪಾತ್ರೆ ಹಿಡಿದುಕೊಂಡು ಓಡಿದೆ. ಮೆಟ್ಟಿಲಿನ ಮೇಲೆ ಎರಡು ತಿಂಗಳ ಮಳೆಯ ಪಾಚಿ. ಪಾತ್ರೆ ನನಗಿಂತ ಮೊದಲು ಗೇಟು ತಲುಪಿತು. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು, ಬಂಗುಡೆ ಎದುರಿನ ಮನೆಯವರಿಗೆ ಹೋಯಿತು.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದು ಮಲಗಿದೆನೋ ಇಲ್ಲವೋ, ಜನ ಬರಲು ಶುರುವಾಯಿತು. ನಮ್ಮ ಓಣಿಯಲ್ಲಿ ಎಕ್ಸ್‌ರೇ ಓದಲು ಬಾರದವರು ಒಬ್ಬರೂ ಇಲ್ಲವೆಂದು ನನಗೆ ಆಗಲೇ ತಿಳಿದದ್ದು. ಬಂದವರು ಮೊದಲು ಬ್ರೆಡ್ಡನ್ನು ಟೀಪಾಯಿಯ ಮೇಲಿಡುವುದು, ಆಮೇಲೆ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿಯುವುದು, "ಛೆ" ಎನ್ನುವುದು. ಒಬ್ಬರಂತೂ ತಲೆಕೆಳಗಾಗಿ ಹಿಡಿದು ಛೆ ಎಂದರು. ನಂತರ ತಮ್ಮ ಸಂಬಂಧಿಕರಲ್ಲಿ ಯಾರಿಗೋ ಇಂಥದ್ದೇ ಆಗಿ, ಕಾಲು ಗಿಡ್ಡವಾಗಿ, ಮದುವೆ ಮುರಿದು ಬಿದ್ದ ಕಥೆ. ನನಗೆ ಮದುವೆಯಾಗಿ ಮೂವತ್ತು ವರ್ಷವಾಯಿತು ಎಂದರೆ, "ಆದ್ರೂ ಜಾಗ್ರತೆ ಬೇಕಲ್ಲ" ಎನ್ನುತ್ತಿದ್ದರು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅಮ್ಮನ ಮಾತು. ಹೇಗೆ ಬಿದ್ದದ್ದು ಎಂದು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅವಳು ಬಾಗಿಲ ಬಳಿಯಿಂದ ಹೇಳುತ್ತಿದ್ದಳು: "ಎಂತ ಹೇಳುದು, ಫೋನ್ ನೋಡ್ತಾ ಮೆಟ್ಲು ಇಳಿದದ್ದು. ಈಗಿನವರಿಗೆ ಕಣ್ಣು ಕಾಲಡಿಗೆ ಇರುದಿಲ್ಲ." ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡಕ್ಕೆ ತರುವಾಗ ಅದರ ಖಾರ ಅರ್ಧ ಇಳಿದಿರುತ್ತದೆ. ನನ್ನ ಫೋನು ಆ ಹೊತ್ತಿಗೆ ಮಲಗುವ ಕೋಣೆಯಲ್ಲಿ ಚಾರ್ಜಿಗಿತ್ತು. ಆದರೆ ಕೇಳುವವರು ಯಾರು? ದಿನಾ ಬೆಳಿಗ್ಗೆ ನನಗೆ ಗುಲಾಬಿ ಹೂವಿನ ಶುಭೋದಯ ಕಳುಹಿಸುವ ಮಹನೀಯರೇ ಮಂಚದ ಪಕ್ಕ ಕೂತು ಫೋನಿನ ಕೆಡುಕಿನ ಬಗ್ಗೆ ಉಪನ್ಯಾಸ ಕೊಟ್ಟು ಹೋದರು. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಅವರು ಹೋದ ಮೇಲೆ ಅಮ್ಮನನ್ನು ಕರೆದರೆ ಅವಳಿಗೆ ಒಲೆಯ ಮೇಲೆ ಏನೋ ಉಕ್ಕುತ್ತಿರುತ್ತಿತ್ತು.

ಈ ಸಿಟ್ಟಿನಲ್ಲಿ ನಾನು ಇನ್ನೊಂದನ್ನು ಗಮನಿಸಲೇ ಇಲ್ಲ. ಗಮನಿಸಿದ್ದು ನಮ್ಮವರು, ಅಂದರೆ ನನ್ನ ಗಂಡ. ಹಂಪನಕಟ್ಟೆಯಲ್ಲಿ ಅವರಿಗೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯಿದೆ, ಆದರೆ ಹುಟ್ಟಬೇಕಾದದ್ದು ವಕೀಲರಾಗಿ. ಒಂದು ದಿನ ಊಟ ಮಾಡಿ ಬಂದು ನನ್ನ ಕಿವಿಯಲ್ಲಿ, "ಮಾಮಿ ಮೀನು ತಿನ್ನುದಿಲ್ಲ, ನೋಡಿದ್ದಿಯಾ?" ಎಂದರು. ಅತ್ತೆಯನ್ನು ಅವರು ಮಾಮಿ ಎಂದೇ ಕರೆಯುವುದು. ನನಗೆ ದಿನಾ ಮಂಚಕ್ಕೇ ಮೀನಿನ ಸಾರು ಬರುತ್ತಿತ್ತು, ಎಲುಬು ಕೂಡಲು ಮೀನೇ ಮದ್ದು ಎಂಬ ಉಪದೇಶದ ಜತೆ. ಅಮ್ಮ ಮಾತ್ರ ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಏಳುತ್ತಿದ್ದಳಂತೆ. ದೇವರ ಮಂಟಪದಲ್ಲಿ ಅರಸಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿಟ್ಟ ಮುಡಿಪು ಕೂಡ ಅವರ ಕಣ್ಣಿಗೆ ಬಿದ್ದಿತ್ತು. ಕರೆದು ಕೇಳಿದೆವು. ಅಮ್ಮ ಅಡಗಿಸಲಿಲ್ಲ.

"ಹರಕೆ ಹೇಳಿದ್ದೇನೆ. ನೀನು ನಿನ್ನ ಕಾಲಲ್ಲಿ ನಡೆದು ಗೇಟಿಗೆ ಹೋಗಿ ಮೀನು ತರುವವರೆಗೆ ನಾನು ಮೀನು ಮುಟ್ಟುದಿಲ್ಲ."

ಹಾಗಲಕಾಯಿ ಬಿಡುತ್ತೇನೆಂದು ಹರಕೆ ಹೇಳುವವರನ್ನು ನಾನು ನೋಡಿದ್ದೇನೆ. ಮೀನುಗಾರರ ಮನೆಯವಳು, ಬಂಗುಡೆಯ ಕಾಲ ಶುರುವಾಗುವಾಗ, ಮೀನು ಬಿಡುವುದೆಂದರೆ ತಮಾಷೆಯಲ್ಲ. ನಮ್ಮವರು ಕೂಡಲೇ ವಾದಕ್ಕಿಳಿದರು.

"ಮಾಮಿ, ಸಿಗಡಿ ಮೀನಲ್ಲ. ಅದಕ್ಕೆ ಮುಳ್ಳುಂಟಾ? ಇಲ್ಲ. ಸಿಗಡಿ ತಿನ್ನಬಹುದು."

"ನೀರಿನಿಂದ ಬಂದದ್ದೆಲ್ಲ ಮೀನೇ."

"ಹಾಗಾದ್ರೆ ಸಾರು ಮಾತ್ರ ಹಾಕ್ಕೊಳ್ಳಿ. ಮೀನಿನ ಹೋಳು ಬೇಡ."

"ದೇವರು ನಾಲಗೆ ನೋಡುದು, ಹೋಳು ಹುಡುಕುದಿಲ್ಲ" ಎಂದು ಹೇಳಿ ಅಮ್ಮ ಒಳಗೆ ಹೋದಳು. ಒಣಮೀನಿನ ಪ್ರಸ್ತಾಪ ಮರುದಿನ ಬಂತು. ಅದು ಹೋದ ವರ್ಷ ಹಿಡಿದ ಮೀನು, ಹರಕೆ ಈ ವರ್ಷದ್ದು, ಆದ್ದರಿಂದ ಅನ್ವಯಿಸುವುದಿಲ್ಲ ಎಂದು ನಮ್ಮವರ ವಾದ. ಅಮ್ಮ ಗಂಜಿಗೆ ಇನ್ನಷ್ಟು ಉಪ್ಪಿನಕಾಯಿ ಹಾಕಿಕೊಂಡಳು.

ಇದರಲ್ಲಿ ಇನ್ನೊಂದು ಫಜೀತಿಯಿತ್ತು. ಅಡುಗೆ ಅಮ್ಮನದೇ. ಸಾರು ಕುದಿಯುವಾಗ ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿ ನೋಡಿ ಉಪ್ಪು, ಹುಳಿ ಸರಿಮಾಡುವುದು ಅವಳ ಕ್ರಮ. ಈಗ ನೆಕ್ಕುವ ಹಾಗಿಲ್ಲ. ಮೂಗಿನಿಂದಲೇ ಉಪ್ಪು ಹಾಕತೊಡಗಿದಳು. ಒಂದು ದಿನ ಸಮುದ್ರವನ್ನೇ ಬಡಿಸಿದ ಹಾಗೆ, ಮರುದಿನ ಬರೀ ಮೆಣಸಿನ ನೀರು. ರುಚಿ ನೋಡುವ ಅಧಿಕಾರವನ್ನು ಅಳಿಯನಿಗೆ ಕೊಟ್ಟು ನೋಡಿದಳು. ಅವರೋ ಅತ್ತೆಯ ಭಯಕ್ಕೆ ಎಲ್ಲದಕ್ಕೂ "ಫಸ್ಟ್ ಕ್ಲಾಸ್" ಎನ್ನುವವರು. ತಾನು ತ್ಯಾಗ ಮಾಡುತ್ತಿದ್ದೇನೆಂದು ಅಮ್ಮ ತಿಳಿದಿದ್ದಳು. ಅರ್ಧ ತ್ಯಾಗ ನಾವು ಮಾಡುತ್ತಿದ್ದೆವು.

ನಗುವುದೆಲ್ಲ ನಕ್ಕಾಯಿತು. ಆದರೆ ದಿನ ಹೋದ ಹಾಗೆ ಅಮ್ಮನ ಕೆನ್ನೆ ಒಳಗೆ ಹೋಯಿತು, ಬಳೆ ಮೊಣಕೈಯ ಕಡೆಗೆ ಜಾರತೊಡಗಿತು. ಒಮ್ಮೆ ಪಾತ್ರೆ ತೊಳೆಯುವಲ್ಲಿ ತಲೆ ಸುತ್ತಿ ಗೋಡೆ ಹಿಡಿದು ನಿಂತಳೆಂದು ಕೆಲಸಕ್ಕೆ ಬರುವವಳು ಹೇಳಿದಳು. ಅಲ್ಲಿಗೆ ನನಗೆ ನಿಜವಾಗಿ ಹೆದರಿಕೆಯಾಯಿತು. ಎಂಬತ್ತರ ಹತ್ತಿರದ ಜೀವ. ನಾನು ಎಷ್ಟು ಬೇಗ ನಡೆಯುತ್ತೇನೋ ಅಷ್ಟು ಬೇಗ ಅವಳು ಸರಿಯಾಗಿ ಊಟ ಮಾಡುತ್ತಾಳೆ. ಎಲುಬಿಗೆ ಮಾತ್ರ ಇದು ಯಾವುದೂ ಗೊತ್ತಿರಲಿಲ್ಲ, ಅದು ಸರಕಾರಿ ಕಚೇರಿಯ ಗತ್ತಿನಲ್ಲಿ ಕೂಡುತ್ತಿತ್ತು.

ಪ್ಲಾಸ್ಟರ್ ತೆಗೆದ ಮೇಲೆ ಬಜಪೆಯಿಂದ ಒಬ್ಬಳು ಫಿಸಿಯೋಥೆರಪಿಯ ಹುಡುಗಿ ಬಂದು ಕಾಲು ಮಡಚಿಸಿ ಹೋಗುತ್ತಿದ್ದಳು. ವಾಕರ್ ಹಿಡಿದು ನಾನು ಮೊದಲ ಬಾರಿ ಚಾವಡಿಯವರೆಗೆ ಹೋದಾಗ ಆ ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ವಿಜಯದ ನಗೆ ಬೀರಿ, "ಅಮ್ಮ, ನಡೆದೆ ನೋಡು. ಇವತ್ತು ಸರೋಜಕ್ಕ ಬಂದ್ರೆ ಗೇಟಿಗೂ ಹೋಗ್ತೇನೆ" ಎಂದೆ.

"ನಡೆದದ್ದು ವಾಕರ್" ಎಂದಳು ಅಮ್ಮ. "ನೀನು ಅದರ ಹಿಂದೆ ಹೋದದ್ದು."

ಆ ಹುಡುಗಿಗೆ ನಗು ತಡೆಯಲಾಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮರುದಿನ ಮಧ್ಯಾಹ್ನ ಅಮ್ಮ ಮಲಗಿರುವ ಹೊತ್ತು ನೋಡಿ, ವಾಕರನ್ನು ಒಳಗೇ ಬಿಟ್ಟು, ಗೋಡೆ ಹಿಡಿದು ಹೊರಗೆ ಬಂದೆ. ಮೆಟ್ಟಿಲಿನ ತುದಿಯಲ್ಲಿ ಕಾಲು ನಡುಗಿತು. ಮುಂದೆ ಇಡಲೂ ಆಗದೆ ಹಿಂದೆ ತೆಗೆಯಲೂ ಆಗದೆ ಕಂಬ ಅಪ್ಪಿಕೊಂಡು ನಿಂತಿದ್ದಾಗ ಹಿಂದಿನಿಂದ ಅಮ್ಮ ಬಂದು ನನ್ನ ಸೊಂಟ ಹಿಡಿದಳು. ಒಣಗಿದ ಆ ಕೈಗಳಲ್ಲಿ ಅಷ್ಟು ಬಲ ಎಲ್ಲಿತ್ತೋ.

"ನೀನು ಇನ್ನೊಮ್ಮೆ ಬಿದ್ರೆ ನಾನು ಗಂಜಿಯನ್ನೂ ಬಿಡ್ಬೇಕಾಗ್ತದೆ. ಮತ್ತೆ ನಂಗೆ ಎಂತ ಉಳೀತದೆ? ಅವಸರ ಮಾಡ್ಬೇಡ ಮಗಾ."

ಜನ್ಮದಲ್ಲಿ ಅವಳ ಬಾಯಿಂದ ಈ ಮಾತು ಕೇಳಿದವಳಲ್ಲ ನಾನು. ಶಾಲೆಗೆ, ಬಸ್ಸಿಗೆ, ಮದುವೆಗೆ, ಹೆರಿಗೆಗೆ, ಎಲ್ಲದಕ್ಕೂ ಓಡು ಓಡು ಎಂದವಳು. "ಆ ದಿನ ಓಡು ಅಂದದ್ದು ಯಾರು?" ಎಂದು ಕೇಳಿಯೇಬಿಟ್ಟೆ. ಅಮ್ಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು ಕೇಳಿತು. ದೇವರ ಹೆಸರು ಹೇಳಿ ಅವಳು ತನಗೆ ತಾನೇ ಶಿಕ್ಷೆ ಕೊಟ್ಟುಕೊಂಡಿದ್ದಳೆಂದು ನನಗೆ ಹೊಳೆದದ್ದು ಆಗ. ಅಯ್ಯೋ ಅನ್ನಿಸಿತು, ಅಳುವೂ ಬಂತು. ಆದರೆ ಸುಳ್ಳು ಹೇಳಲಾರೆ: ಸಂಜೆ ಬ್ರೆಡ್ಡು ಹಿಡಿದು ಬಂದವರ ಮುಂದೆ ಅವಳು ಮತ್ತೆ ಫೋನಿನ ಕಥೆ ತೆಗೆದಾಗ ಆ ಅಯ್ಯೋ ಎಲ್ಲ ಆವಿಯಾಯಿತು.

ದೀಪಾವಳಿ ಕಳೆದ ಮೇಲೆ ಡಾಕ್ಟರು ನಡೆಯಬಹುದೆಂದರು. ಆ ವಾರವೇ ಒಂದು ಬೆಳಿಗ್ಗೆ ಸರೋಜಕ್ಕನ ಕೂಗು ಕೇಳಿದಾಗ ಪಾತ್ರೆ ಹಿಡಿದು ಹೊರಟೆ. ಕೈಯಲ್ಲಿ ಕೋಲೂ ಇರಲಿಲ್ಲ. ಒಂದೊಂದೇ ಮೆಟ್ಟಿಲು. ಅಮ್ಮ ಹಿಂದೆ ಬಾಗಿಲಲ್ಲಿ ನಿಂತಿದ್ದಳು. ಎದುರಿನ ಮನೆಯವರು ಆಗಲೇ ಬುಟ್ಟಿಯ ಬಳಿ ಕೂತು ದೊಡ್ಡ ದೊಡ್ಡ ಬಂಗುಡೆ ಹೆಕ್ಕುತ್ತಿದ್ದದ್ದು ನನಗೆ ಕಾಣುತ್ತಿತ್ತು, ಅವಳಿಗೂ ಕಾಣುತ್ತಿತ್ತು. ಅವಳ ಬಾಯಿಂದ ಒಂದು ಸ್ವರ ಹೊರಡಲಿಲ್ಲ. ಆ ಮೌನಕ್ಕೆ ಎಷ್ಟು ಕಷ್ಟಪಟ್ಟಳೋ ದೇವರಿಗೇ ಗೊತ್ತು. ನಾನು ತಲುಪುವಾಗ ಉಳಿದದ್ದು ಹೊಟ್ಟೆಯೊಡೆದ ಸಣ್ಣ ಮೀನು ಮಾತ್ರ. ಬೇರೆ ದಿನವಾಗಿದ್ದರೆ ಅಂಥದ್ದನ್ನು ಅಮ್ಮ ಸರೋಜಕ್ಕನ ಬುಟ್ಟಿಗೇ ವಾಪಸು ಎಸೆಯುತ್ತಿದ್ದಳು. ಅವತ್ತು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಸಾರು ಕುದಿಯಿತು. ಉಪ್ಪು ಹಾಕಿಯಾದ ಮೇಲೆ ಹರಕೆ ಮುಗಿದದ್ದು ನೆನಪಾಗಿ ಒಂದು ಹನಿ ಅಂಗೈಗೆ ಬಿಟ್ಟು ನೆಕ್ಕಿದಳು. ಮುಖ ಹುಳ್ಳಗಾಯಿತು. "ದೇವರೇ! ಇಷ್ಟು ದಿನ ನೀವು ಇದನ್ನಾ ತಿಂದದ್ದು?"

"ಹರಕೆ ನಿಮ್ಮದು ಮಾಮಿ, ತೀರಿಸಿದ್ದು ನಾವು" ಎಂದರು ನಮ್ಮವರು. ಅಮ್ಮ ನಗುತ್ತಾ, ಮುಳ್ಳನ್ನೂ ಬಿಡದೆ ಚೀಪಿ ಊಟ ಮಾಡಿದಳು. ಅವಳು ಉಣ್ಣುವುದನ್ನು ನೋಡುತ್ತಾ ನಾನು ಉಣ್ಣುವುದನ್ನೇ ಮರೆತೆ.

ಕಾಲು ಸರಿಯಾಯಿತು, ಅಮ್ಮನ ಕೆನ್ನೆಯೂ ತುಂಬಿತು. ಫೋನಿನ ಕಥೆ ಮಾತ್ರ ಮದುವೆ ಮುಂಜಿಗಳಲ್ಲೆಲ್ಲ ನಡೆದೇ ಇತ್ತು. ನಿನ್ನೆ ಬ್ರೆಡ್ಡಿನ ಕಟ್ಟು ಹಿಡಿದು ಹೊರಟಾಗ ನಾನೂ ಬರುತ್ತೇನೆಂದು ಅಮ್ಮ ಸೀರೆ ಬದಲಿಸಿದಳು. ಸುಮತಿಯಕ್ಕನಿಗೂ ಅದೇ ಉಪನ್ಯಾಸ ಕೊಡಲು ಬರುತ್ತಿದ್ದಾಳೆಂದೇ ನಾನು ತಿಳಿದದ್ದು.

ಸುಮತಿಯಕ್ಕ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮಾತೆಲ್ಲ ಅವರ ಗಂಡ ರಘುರಾಮಣ್ಣನದು. "ಇವಳಿಗೆ ನೆಲ ನೋಡಿ ನಡೆಯುವ ಅಭ್ಯಾಸವೇ ಇಲ್ಲ. ಒದ್ದೆ ಕಾಲಲ್ಲಿ ಬಾತ್‌ರೂಮಿನಿಂದ ಓಡಿಕೊಂಡು ಬಂದದ್ದು, ಬಿದ್ದದ್ದು."

"ಓಡಿಕೊಂಡು ಎಂತಕ್ಕೆ ಬಂದದ್ದು?" ಎಂದು ಅಮ್ಮ ಕೇಳಿದಳು.

"ಅದು... ಕಾಫಿ ಆಯ್ತಾ ಅಂತ ನಾನು ಕೇಳಿದೆ. ಅಷ್ಟೆ."

"ಎಷ್ಟು ಸಲ ಕೇಳಿದ್ರಿ?"

ರಘುರಾಮಣ್ಣ ಫ್ಯಾನಿನ ಕಡೆ ನೋಡಿದರು. ಸುಮತಿಯಕ್ಕ ಅವರ ಕಡೆ ನೋಡಿದರು. ಅಮ್ಮ ಸೆರಗು ಸರಿಮಾಡಿಕೊಂಡಳು.

"ನಮ್ಮ ಇವಳು ಫೋನ್ ನೋಡಿ ಬಿದ್ದದ್ದಲ್ಲ ರಘುರಾಮಣ್ಣ. ಫೋನ್ ಒಳಗೆ ಇತ್ತು. ಬಂಗುಡೆ ಮುಗೀತದೆ ಅಂತ ನಾನು ಬೊಬ್ಬೆ ಹಾಕಿದೆ, ಇವಳು ಓಡಿದಳು. ನಾನು ಹೇಳ್ಕೊಂಡು ತಿರುಗಿದ್ದು ಸುಳ್ಳು."

ವರ್ಷದಿಂದ ಈ ಮಾತಿಗಾಗಿ ಕಾದಿದ್ದೆ. ಹೇಳಿದ ದಿನ ಹೀಗೆನ್ನಬೇಕು, ಹಾಗೆನ್ನಬೇಕು ಎಂದು ಎಷ್ಟೋ ಚುಚ್ಚು ಮಾತುಗಳನ್ನು ಮಸೆದಿಟ್ಟಿದ್ದೆ. ಒಂದೂ ಬರಲಿಲ್ಲ. ತೊಡೆಯ ಮೇಲಿನ ಬ್ರೆಡ್ಡನ್ನು ಸುಮ್ಮನೆ ಹಿಸುಕುತ್ತಾ ಕೂತೆ. ನನಗೆ ಅಮ್ಮನ ಮೇಲೆ ಇನ್ನು ಸಿಟ್ಟಿಲ್ಲ ಎಂದು ಅಲ್ಲೇ ಗೊತ್ತಾಯಿತು.

ರಘುರಾಮಣ್ಣ, "ನಿಮಗೆ ಕಾಫಿ ಮಾಡ್ತೇನೆ" ಎಂದು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಡಬ್ಬಿಗಳ ಸದ್ದು ಕೇಳಿತು, ಆಮೇಲೆ ಅವರ ಸ್ವರ. "ಸಕ್ಕರೆ ಎಲ್ಲುಂಟು ಮಾರಾಯ್ತಿ?" ಸುಮತಿಯಕ್ಕ ಅಭ್ಯಾಸದಂತೆ ಹೊದಿಕೆ ಸರಿಸಿ ಏಳಲು ಹೊರಟರು. ಅಮ್ಮ ಅವರ ಭುಜದ ಮೇಲೆ ಕೈಯಿಟ್ಟು ಕೂರಿಸಿದಳು.

"ಹುಡುಕ್ಲಿ. ನಿಂಗೆ ಎಂತ ಅವಸರ?"