ಕವಡೆಯಲ್ಲಿ ಹುಟ್ಟಿದ ಹೆಂಗಸು

ನನ್ನ ಸೊಸೆ ನಮ್ಮ ಮನೆಗೆ ಬಂದು ವರ್ಷವಾದರೂ ಬಾಯಿ ಬಿಟ್ಟು ಮಾತಾಡಿರಲಿಲ್ಲ. ಮೂಗಿಯಲ್ಲ. ಕೇಳಿದರೆ ಹೂಂ, ಇಲ್ಲಾಂದರೆ ಉಹೂಂ. ಅಷ್ಟೇ. ನಾವೇನೂ ಆಕೆಯನ್ನು ಹೊಡೆದಿರಲಿಲ್ಲ. ಬೈದಿದ್ದೆ, ನಿಜ. ನಾನು ಎಲ್ಲರಿಗೂ ಬೈತೀನಿ.

ಆಕೆಯ ತವರು ಕುರುಗೋಡು. ಅವರಪ್ಪ ಆಗಾಗ ಬಳ್ಳಾರಿಗೆ ಬಂದು ನಮ್ಮ ಪಡಸಾಲೆಯಲ್ಲಿ ಕೂತು, ಮಗಳ ಮುಖ ನೋಡಿ, ತಮ್ಮ ಮುಖ ಸಣ್ಣ ಮಾಡಿಕೊಂಡು ಬಸ್ ಹತ್ತುತ್ತಿದ್ದರು. ಆ ಬೇಸಿಗೆಯಲ್ಲಿ ನೇರವಾಗಿ ಹೇಳಿಬಿಟ್ಟರು.

"ನೋಡ್ರಿ ಅಮ್ಮಾರ, ಪಂಚಮಿಗೆ ಕರ್ಯಾಕ ಬರ್ತೀನಿ. ಹುಡುಗಿ ಆವಾಗೂ ಹಿಂಗ ಕಲ್ಲಾಗಿ ಕುಂತಿದ್ರ ಮತ್ತ ಕಳಸಂಗಿಲ್ಲ."

ಅವರ ಜಾಗದಲ್ಲಿದ್ದರೆ ನಾನು ಅಂದೇ ಕರೆದುಕೊಂಡು ಹೋಗುತ್ತಿದ್ದೆ. ಮಗನ ಊಟ ಅರ್ಧವಾಯಿತು. ಆಕೆ ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು.

ಅದೇ ಬೇಸಿಗೆ ಮಗನ ಗೆಳೆಯನೊಬ್ಬ ರಜೆಗೆ ಬಂದ. ಮದರಾಸಿನಲ್ಲಿ ಓದುತ್ತಿದ್ದವನು. ಅಲ್ಲಿಂದ ಒಂದು ಆಟ ತಂದಿದ್ದ. ಮಣೆಯಿಲ್ಲ, ಕಾಯಿಲ್ಲ, ಒಂದು ಇಂಗ್ಲಿಷ್ ಪುಸ್ತಕ ಮಾತ್ರ. ಒಬ್ಬ ಕತೆ ಹೇಳುತ್ತಾನೆ, ಉಳಿದವರು ಆ ಕತೆಯೊಳಗಿನ ಮನುಷ್ಯರಾಗಿ ಏನೇನು ಮಾಡುತ್ತೀವಿ ಅಂತ ಬಾಯಲ್ಲೇ ಹೇಳಬೇಕು. ಇದೂ ಒಂದು ಆಟವಾ ಅಂದುಕೊಂಡೆ.

ಆದರೆ ಮೊದಲು ಆ ಮನುಷ್ಯನನ್ನು ಹುಟ್ಟಿಸಬೇಕಂತೆ. ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದಕ್ಕೂ ಮೂರು ದಾಳ ಉರುಳಿಸಿ, ಬಿದ್ದದ್ದನ್ನು ಕೂಡಿಸಿ ಬರೆಯೋದು. ದಾಳಗಳನ್ನು ಆ ಪುಣ್ಯಾತ್ಮ ರೈಲಿನಲ್ಲಿ ಕಳೆದುಕೊಂಡು ಬಂದಿದ್ದ. ನಾನು ಸಿರುಗುಪ್ಪದಿಂದ ಮದುವೆಯಾಗಿ ಬರುವಾಗ ತಂದ ಕವಡೆಗಳನ್ನು ಕೊಟ್ಟೆ. ಚೌಕಾಬಾರಾ ಆಡುವ ನಾಲ್ಕು ಕವಡೆ. ಎಷ್ಟು ಅಂಗಾತ ಬಿದ್ದರೆ ಅಷ್ಟು, ನಾಲ್ಕೂ ಬೋರಲು ಬಿದ್ದರೆ ಎಂಟು. ಆ ಎಂಟಕ್ಕೆ ಬಾರಾ ಅಂತೀವಿ. ಒಂದು ಗುಣಕ್ಕೆ ಮೂರು ಸಲ ಬೀಸೋದು ಅಂತ ಗೊತ್ತು ಮಾಡಿಕೊಂಡರು.

ಮಗನಿಗೆ ಪೈಲ್ವಾನ ಆಗಬೇಕಿತ್ತು. ಕವಡೆ ಶಕ್ತಿಗೆ ಪುಡಿಗಾಸು ಕೊಟ್ಟು ವಿವೇಕಕ್ಕೆ ಸುರಿಯಿತು.

"ಲೇ, ಅದನ್ನ ಇದಕ್ಕ ಹಚ್ಚಿ ಬರಿಯಲೇ," ಅಂದ ಗೆಳೆಯನಿಗೆ.

"ಹಂಗೂ ಒಂದು ಪದ್ಧತಿ ಐತಿ. ಬಿದ್ದ ಅಂಕಿನೆಲ್ಲ ಬೇಕಾದಲ್ಲಿ ಹಚ್ಕೊಳ್ಳೋದು. ನಾವು ಬಿದ್ದ ಸಾಲಿನಾಗ ಇಡೋಣು. ನಿಮ್ಮವ್ವ ನಿನ್ನ ಆರಿಸಿ ಹಡದ್ಲೇನು?"

"ಆರಿಸಾಕ ಬಿಟ್ಟಿದ್ರ ಇವನ್ನ ಹಡೀತಿದ್ದಿಲ್ಲ," ಅಂದೆ ಒಳಗಿಂದ.

ನಕ್ಕರು. ನಾನೂ ಬಾಗಿಲಿಗೆ ಬಂದು ನಿಂತೆ. ಆರು ಅಂಕಿ ಸಾಲಾಗಿ ಬರೆದದ್ದೇ ತಡ, ಇಲ್ಲದ ಮನುಷ್ಯ ಒಬ್ಬ ಇದ್ದುಬಿಟ್ಟ. ತೋಳು ಸಣಕಲು, ಮಾತು ತೂಕದ್ದು, ನೋಡೋಕೆ ಸುಮಾರು. ಗುಡಿಯಲ್ಲಿ ಆರತಿ ಬೆಳಗುವಾಗಲೂ ನನ್ನ ಮೈ ಅಷ್ಟು ಜುಮ್ಮೆಂದಿಲ್ಲ. ನಮ್ಮನ್ನೂ ಯಾರೋ ಹೀಗೆ ಬೀಸಿದ್ದಾರು. ಬೀಸುವಾಗ ನೋಡಿಕೊಂಡು ಬೀಸಿದರೋ, ಎತ್ತಲೋ ನೋಡುತ್ತ ಬೀಸಿದರೋ.

ಇನ್ನೊಬ್ಬರು ಬೇಕಾಯಿತು. ನಾನೇ ಸೊಸೆಗೆ, "ಹೋಗು, ಕುಂದ್ರು," ಅಂದೆ. ಆಕೆ ಹಿಟ್ಟಿನ ಕೈ ಒರೆಸಿಕೊಂಡು ಕೂತಳು. ಮೊದಲು ಶಕ್ತಿ. ಬೀಸಿದಳು. ನಾಲ್ಕೂ ಬೋರಲು, ಬಾರಾ. ಮತ್ತೆ ಬೀಸಿದಳು. ಬಾರಾ. ಮಗ ಮಂಡಿಯೂರಿ ಎದ್ದ. ಮೂರನೇ ಸಲ ಕವಡೆ ನೆಲದ ಮೇಲೆ ಗಿರಕಿ ಹೊಡೆದು ನಿಂತವು. ನಾಲ್ಕೂ ಬೆನ್ನು ಮೇಲೆ.

"ಇಪ್ಪತ್ನಾಕು!" ಗೆಳೆಯ ಕೂಗಿದ. "ಪುಸ್ತಕದಾಗ ಹದಿನೆಂಟಕ್ಕಿಂತ ಜಾಸ್ತಿ ಇಲ್ಲೇ ಇಲ್ಲ! ವೈನೀ, ಗುಡ್ಡಾ ಕಿತ್ತು ಒಗೀತಾಳ ನಿಮ್ಮಾಕಿ!"

"ಮೂರು ಬಾರಾ ಬಿದ್ರ ಸುಟ್ಟಂಗ," ಅಂದಳು ಸೊಸೆ.

ಮೂವರೂ ಆಕೆಯತ್ತ ತಿರುಗಿದೆವು. ಚೌಕಾಬಾರಾದಲ್ಲಿ ಅದು ಸರಿ. ಒಂದರ ಹಿಂದೊಂದು ಮೂರು ಬಾರಾ ಬಿದ್ದರೆ ಎಲ್ಲ ಸುಟ್ಟು ಸೊನ್ನೆ. ಕುರುಗೋಡಿನಲ್ಲೂ ಹಾಗೇ, ಸಿರುಗುಪ್ಪದಲ್ಲೂ ಹಾಗೇ.

"ಇದು ಆ ಆಟ ಅಲ್ರಿ, ವೈನಿ."

"ಕವಡಿ ಅವೇ ಅಲ್ಲೇನು?"

"ಸೊನ್ನಿ ಶಕ್ತಿ ಇದ್ರ ಎದ್ದು ನಿಲ್ಲಾಕೂ ಬರಂಗಿಲ್ಲ."

"ಹೊತ್ಕೊಂಡು ಹೋಗ್ರಿ."

ಗುಡ್ಡ ಕೀಳುವ ಶಕ್ತಿ ಕೈಯಲ್ಲಿ ಬಿದ್ದಿತ್ತು. ಆಕೆ ಬೇಡ ಅಂದಳು, ಒಂದು ಮಾತಿಗೂ ತಡವರಿಸದೆ.

ಬೇಸಿಗೆಯೆಲ್ಲ ಊಟವಾದ ಮೇಲೆ ಆಟ. ಕತೆಯೊಳಗಿನ ಒಂದು ಕತ್ತಲ ಗವಿಯಲ್ಲಿ, ಮಗ ಹುಟ್ಟಿಸಿದ ಆ ಸಣಕಲ ಮನುಷ್ಯ ಸೊಸೆ ಹುಟ್ಟಿಸಿದ ಹೆಂಗಸನ್ನು ಬೆನ್ನ ಮೇಲೆ ಹೊತ್ತು ನಡೆಯುತ್ತಿದ್ದ. ಹೊತ್ತವನಿಗೆ ದಾರಿ ಹೇಳಬೇಕಲ್ಲ, ಕೈಕಾಲು ಆಡದಾಕೆಗೆ ಬಾಯೊಂದೇ ಗತಿ. "ಎಡಕ್ಕ ತಿರುಗ್ರಿ. ಪಂಜು ಕೆಳಗ ಹಿಡೀರಿ. ಅಲ್ಲಿ ಹಾವು ಐತಿ, ನಿಲ್ರೀ ಅಂದ್ರ ನಿಲ್ರಿ!" ಮೊದಮೊದಲು ಪಿಸುಮಾತು. ಆಮೇಲೆ ಪಕ್ಕದ ಮನೆಯವಳು ಏನು ಜಗಳ ಅಂತ ಕೇಳಿಕೊಂಡು ಬಂದಳು. ಕೇಳುತ್ತ ನಿಂತು ನಾನು ಅಡುಗೆಮನೆಯಲ್ಲಿ ಹಾಲು ಉಕ್ಕಿಸಿಬಿಡುತ್ತಿದ್ದೆ. ಎಲ್ಲಿತ್ತು ಈ ದನಿ? ವರ್ಷವಿಡೀ ಒಂದೇ ಒಲೆಯ ಮುಂದೆ ಕೂತವರು ನಾವು.

ಒಂದು ದಿನ ಹಿತ್ತಲಿಂದಲೇ, "ಅತ್ತಿ, ಬರ್ರಿ, ಈ ಕೊಡಾ ಇಳಸ್ರಿ, ನನಗ ಆಗವಲ್ದು," ಅಂತ ಕೂಗಿದಳು. ನಾನು ಹೋಗಿ ಇಳಿಸಿದೆ. ನನಗೆ ಕೆಲಸ ಹೇಳಿದವರು ಈ ಮನೆಯಲ್ಲಿ ಅಲ್ಲಿಯತನಕ ಯಾರೂ ಇರಲಿಲ್ಲ.

ಪಂಚಮಿಗೆ ಬೀಗರು ಬಂದರು. ಪಡಸಾಲೆಯಲ್ಲಿ ಕೂತರು, ಮಗಳನ್ನು ನೋಡಲಿಲ್ಲ. ನನಗೇ ಹೇಳಿದರು, "ಅಕಿ ಅರಿವಿ ಎಲ್ಲಾ ಕಟ್ಟಿಬಿಡ್ರಿ."

"ಎರಡು ಸೀರಿ ಸಾಕಪ್ಪಾ," ಅಂದಳು ಮಗಳು ಒಳಗಿಂದ ಬರುತ್ತ. "ಜೋಕಾಲಿ ಆಡಿ, ಉಂಡಿ ತಿಂದು ತಿರುಗಿ ಬರ್ತೀನಿ. ನನ್ನ ಮಂದಿ ಗವಿಯಾಗ ಸಿಕ್ಕೊಂಡಾರ. ದಾರಿ ಹೇಳಾಕ ನಾನ ಬೇಕು."

ಆ ಮನುಷ್ಯ ಮಗಳನ್ನು ನೋಡಿದರು. ಆಮೇಲೆ ಆಕೆಗೆ ಗಾಳಿ ಸೋಕಿದೆಯೇನೋ ಅನ್ನುವಂತೆ ನನ್ನನ್ನು ನೋಡಿದರು.

"ಯಾವ ಗವಿರೀ ಅಮ್ಮಾರ?"

"ನನ್ನೇನು ಕೇಳ್ತೀರಿ?" ಅಂದೆ. "ಅಕಿನ್ನ ಕೇಳ್ರಿ. ಬಸ್ಸಿನಾಗ ಕುರುಗೋಡು ಮುಟ್ಟೋತನಕ ಹೇಳ್ತಾಳ."