ಭಾವನ ಮಣಿಕಟ್ಟು

ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಮೂಳೆ ನೋಡಿ ಅನ್ನ ತಿನ್ನುವವಳು, ದೆವ್ವದ ಕತೆ ಕಟ್ಟುವವಳಲ್ಲ. ತೀರ್ಥಹಳ್ಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ನನ್ನದು. ಇದು ಹೋದ ವರ್ಷ, ನನ್ನ ನೈಟ್ ಡ್ಯೂಟಿಯಲ್ಲೇ ನಡೆದದ್ದು.

ಒಂಬತ್ತು ಗಂಟೆ ಇರಬೇಕು. ಬಲಗೈ ಎದೆಗೆ ಒತ್ತಿಕೊಂಡು ಒಳಗೆ ಬಂದವನು ಕೋಣಂದೂರಿನ ನನ್ನ ಭಾವ. ಅಕ್ಕ ಬಾವಿಗೆ ಬಿದ್ದು ಸತ್ತು ಆಗ ಮೂರು ತಿಂಗಳು. ಕಾಲು ಜಾರಿತು ಎಂದು ಅವನು ಹೇಳಿದ್ದ, ಊರು ಹೂಂ ಎಂದಿತ್ತು. ಅದಕ್ಕೂ ಮೊದಲು ಅವಳ ಮಣಿಕಟ್ಟು ತಿರುಚಿ ಮುರಿದವನೂ ಇವನೇ. ಎಕ್ಸ್‌ರೇಗೆ ಕರೆತಂದರೆ ನನಗೆ ಗೊತ್ತಾಗುತ್ತದೆಂದು ಹೊಸನಗರದ ಕಡೆಯ ನಾಟಿ ವೈದ್ಯರ ಹತ್ತಿರ ಕಟ್ಟು ಹಾಕಿಸಿದ್ದ. ಅದು ನನಗೆ ತಿಳಿದದ್ದು ಅವಳು ಸತ್ತ ಮೇಲೆ; ಆ ಸಿಟ್ಟು ಇನ್ನೂ ಆರಿರಲಿಲ್ಲ.

“ಬೈಕ್ ಜಾರ್ತು ಮಾರಾಯ್ತಿ. ಉಳುಕಿರ್ಬೇಕು ಅಷ್ಟೆ. ಬೇಗ ತೆಗಿ.”

ಕೈಯನ್ನು ಪ್ಲೇಟಿನ ಮೇಲೆ ಇಡಿಸಿ, ಗಾಜಿನ ಹಿಂದೆ ನಿಂತು ಬಟನ್ ಒತ್ತಿದೆ. ಟಕ್...

ಪರದೆಯಲ್ಲಿ ಮಣಿಕಟ್ಟಿನ ಎಂಟು ಮೂಳೆಗಳೂ ಸರಿಯಾಗಿದ್ದವು. ಆದರೆ ಅವುಗಳ ಸುತ್ತ ಇನ್ನೊಂದು ಕೈಯ ಬೆರಳುಗಳಿದ್ದವು... ಬರೀ ಮೂಳೆ. ಸಣ್ಣವು, ಹೆಂಗಸಿನವು. ಹಿಂದಿನ ರೋಗಿಯ ಚಿತ್ರ ಸೇರಿಕೊಂಡಿತೇ? ಕಿರುಬೆರಳು ನೋಡಿದೆ. ತುದಿ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ನಾನು ಬಾಗಿಲು ಹಾಕುವಾಗ ಸಿಕ್ಕಿ ಜಜ್ಜಿಹೋದ ಅಕ್ಕನ ಬೆರಳು ಅದು.

ಕೈಗೆ ಎರಡು ಚಿತ್ರ ತೆಗೆಯುವುದು ನಮ್ಮ ಕ್ರಮ. ಒಂದು ನೇರ, ಒಂದು ಓರೆ. ಕೈ ಓರೆ ಮಾಡಲು ಹತ್ತಿರ ಹೋದಾಗ ಪಾಚಿಯ ವಾಸನೆ ಬಡಿಯಿತು.

“ಸುಮಾ...” ಎಂದ ಭಾವ, ಸಣ್ಣ ದನಿಯಲ್ಲಿ. “ತಣ್ಣಗೆ ಎಂತದೋ ಹಿಡ್ಕಂಡಂಗೆ ಆಗ್ತದೆ ಕಣೆ.”

“ಅಲ್ಲಾಡ್ಬೇಡಿ ಭಾವ.”

ಟಕ್. ಅದರ ಹಿಂದೆಯೇ ಒಣ ಕಡ್ಡಿ ಮುರಿದಂತೆ ಇನ್ನೊಂದು ಸದ್ದು. ಭಾವ ಕಿರುಚಿದ. ಪರದೆಯಲ್ಲಿ ಆ ಬೆರಳುಗಳು ಬಿಗಿದಿದ್ದವು. ಎರಡು ಮೂಳೆ ಸೀಳಿಹೋಗಿದ್ದವು.

“ಬಿಡಕ್ಕೆ ಹೇಳೆ ಅವಳಿಗೆ! ತಳ್ಳಿದ್ದು ನಾನೇ... ತಪ್ಪಾಯ್ತು ಅಂತ ಹೇಳೆ!”

ಎರಡು ಚಿತ್ರ ಆಗಿತ್ತು. ನನ್ನ ಕೆಲಸ ಮುಗಿದಿತ್ತು. ಬಾಗಿಲು ತೆಗೆದು ಅವನನ್ನು ಹೊರಗೆ ಕರೆದುಕೊಂಡು ಹೋಗಬಹುದಿತ್ತು. ನಾನು ಗಾಜಿನ ಹಿಂದೆಯೇ ನಿಂತೆ.

ಕೂಗು ಕೇಳಿ ಡಾಕ್ಟರು ಓಡಿ ಬಂದರು. ಆಗ ಪರದೆಯಲ್ಲಿ ಭಾವನ ಕೈಯೊಂದೇ ಇತ್ತು, ಎಂಟೂ ಮೂಳೆ ಪುಡಿಯಾಗಿದ್ದವು. ಅವರು ಚಿತ್ರಗಳನ್ನು ಒಂದೊಂದಾಗಿ ಹಿಂದೆ ಸರಿಸಿ ನೋಡಿದರು. ಬೇರೆ ಯಾವ ಕೈಯೂ ಇರಲಿಲ್ಲ.

“ಮೊದಲ್ನೇದ್ರಲ್ಲಿ ಎಂತದೂ ಆಗಿಲ್ಲ. ಎರಡನೇದ್ರಲ್ಲೇ ಮುರ್ದಿದ್ದು ಕಾಣ್ತಿತ್ತಲ್ಲ ಸುಮಾ,” ಎಂದರು. “ಮೂರನೇದು ಯಾಕೆ ತೆಗೆದ್ರಿ?”